ಸಂತೆಕಟ್ಟೆಯ ಹಳೇ ಪಿಸಿಗೆ ಆರ್‌ಎಕ್ಸ್ 6600: ಆಯ್ಕೆ, ಜೋಡಣೆ, ಖರ್ಚು

ಉಡುಪಿ ಸಂತೆಕಟ್ಟೆಯ ಅಕ್ಕನ ಮನೆಯ ಪಿಸಿಗೆ ಗ್ರಾಫಿಕ್ಸ್ ಕಾರ್ಡ್ (ಎಎಂಡಿಯ ಆರ್‌ಎಕ್ಸ್ 6600) ಹಾಕುವ ಕೆಲಸ 2025ರ ಜುಲೈಯಲ್ಲಿ ಮುಗಿಯಿತು. ಏನೇನು ಮಾಡಿದೆವು, ಎಲ್ಲಿ ಸಿಕ್ಕಿಹಾಕಿಕೊಂಡೆವು, ಎಷ್ಟು ದುಡ್ಡಾಯಿತು ಅಂತ ಕ್ರಮವಾಗಿ ಬರೆದಿಡುತ್ತಿದ್ದೇನೆ. ಲಾಕ್‌ಡೌನ್ ಸಮಯದಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ಕೊಂಡ ಇಂಥ ಪಿಸಿಗಳು ನಮ್ಮ ಕಡೆ ಎಷ್ಟೋ ಮನೆಯಲ್ಲಿವೆ. ಪ್ರೊಸೆಸರ್ ಇನ್ನೂ ಗಟ್ಟಿಯಾಗಿರುತ್ತದೆ. ಗೇಮ್ ಮಾತ್ರ ಓಡುವುದಿಲ್ಲ.

ಈ ಪಿಸಿಯಲ್ಲಿ ಇದ್ದದ್ದು: ಇಂಟೆಲ್ ಕೋರ್ ಐ5 10400, ಎಚ್410 ಮದರ್‌ಬೋರ್ಡ್, 8 ಜಿಬಿಯ ಒಂದೇ ಒಂದು ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ, 1 ಟಿಬಿ ಹಾರ್ಡ್ ಡಿಸ್ಕ್, 24 ಇಂಚಿನ 1080ಪಿ ಮಾನಿಟರ್, 75 ಹರ್ಟ್ಸ್. ವಿಂಡೋಸ್ 10. ಅಕ್ಕನ ಮಗ ಆ ವರ್ಷವೇ ಎಂಜಿನಿಯರಿಂಗ್ ಸೇರಿದ್ದ. ಭಾವ ಕೊಟ್ಟ ಬಜೆಟ್ 28,000 ರೂಪಾಯಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಡಿಮೆ ದುಡ್ಡಿನಲ್ಲಿ ಕಾರ್ಡ್ ಹುಡುಕುವವರು ಕಾರ್ಡುಗಳ ಪಟ್ಟಿ ಹಿಡಿದು ಶುರು ಮಾಡಬಾರದು. ಮೊದಲು ಡಬ್ಬ (ಕ್ಯಾಬಿನೆಟ್) ಬಿಚ್ಚಿ ಎಸ್‌ಎಂಪಿಎಸ್‌ನ (ಪಿಸಿಗೆ ಕರೆಂಟ್ ಕೊಡುವ ಪವರ್ ಸಪ್ಲೈ) ಲೇಬಲ್ ಓದಬೇಕು. ಯಾವ ಕಾರ್ಡ್ ಸರಿ ಎನ್ನುವ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇರುತ್ತದೆ.

ಹಂತ 1: ಡಬ್ಬ ಬಿಚ್ಚಿ ಅಳತೆ

ಬೇಕಾದ ಸಾಮಾನು: ಸ್ಟಾರ್ ಸ್ಕ್ರೂಡ್ರೈವರ್, ಅಳತೆ ಟೇಪ್, ಟಾರ್ಚ್, ಒಣ ಪೇಂಟ್ ಬ್ರಷ್, ನೋಸ್ ಪ್ಲೈಯರ್, ಕರೆಂಟ್ ಟೆಸ್ಟರ್.

ಮೊದಲು ಎಸ್‌ಎಂಪಿಎಸ್. ಹೊರಗಡೆ ದೊಡ್ಡದಾಗಿ 450 ವಾಟ್ ಅಂತ ಇದೆ. ಪಕ್ಕದ ಸಣ್ಣ ಪಟ್ಟಿಯಲ್ಲಿ 12 ವೋಲ್ಟ್ ಸಾಲಿಗೆ 14 ಆಂಪಿಯರ್ ಅಂತ ಇದೆ. 12 ಗುಣಿಸು 14, ಅಂದರೆ 168 ವಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಮುಖ್ಯವಾಗಿ ಈ 12 ವೋಲ್ಟ್ ಸಾಲಿನಿಂದಲೇ ಎಳೆಯುತ್ತವೆ. ಹಾಗಾಗಿ ನಮ್ಮ ಕೈಯಲ್ಲಿ ನಿಜಕ್ಕೂ ಇರುವುದು 168, 450 ಅಲ್ಲ. ಗ್ರಾಫಿಕ್ಸ್ ಕಾರ್ಡಿಗೆ ಕೊಡುವ 6 ಪಿನ್ ಅಥವಾ 8 ಪಿನ್ ವೈರ್ ಕೂಡ ಇದರಲ್ಲಿ ಇಲ್ಲ.

ಕಾರ್ಡ್ ಕೂರುವ ಜಾಗ: ಹಿಂದಿನ ತಗಡಿನಿಂದ ಹಾರ್ಡ್ ಡಿಸ್ಕ್ ಇಡುವ ಗೂಡಿನವರೆಗೆ 268 ಮಿಲಿಮೀಟರ್. ಅಗಲ ಎರಡು ಸ್ಲಾಟ್‌ಗೆ ತೊಂದರೆಯಿಲ್ಲ. ಮದರ್‌ಬೋರ್ಡಿನ ಸ್ಲಾಟ್ ಪಿಸಿಐ ಎಕ್ಸ್‌ಪ್ರೆಸ್ 3.0 (ಕಾರ್ಡ್ ಮತ್ತು ಬೋರ್ಡ್ ನಡುವಿನ ದಾರಿಯ ಹಳೆ ಆವೃತ್ತಿ). ಎಚ್410 ಬೋರ್ಡಿನಲ್ಲಿ 10ನೇ ತಲೆಮಾರಿನ ಪ್ರೊಸೆಸರ್ ಇದ್ದರೆ ಅಷ್ಟೇ ಸಿಗುವುದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಹಂತದಲ್ಲಿ ಇದೇ ಒಂದು ಕಾರ್ಡನ್ನು ಪಟ್ಟಿಯಿಂದ ತೆಗೆಸಿತು.

ಸಾಟಾ ಕನೆಕ್ಟರ್‌ಗಳು (ಹಾರ್ಡ್ ಡಿಸ್ಕಿನ ಕೇಬಲ್ ಸಿಕ್ಕಿಸುವ ಜಾಗ) ಸರಿಯಾಗಿ ಸ್ಲಾಟಿನ ಎದುರಿಗೇ ಇವೆ. ಉದ್ದದ ಕಾರ್ಡ್ ಬಂದರೆ ನೇರ ಕೇಬಲ್ ತಾಗುತ್ತದೆ. ಮಾನಿಟರಿನ ಹಿಂದೆ ಎಚ್‌ಡಿಎಂಐ ಮತ್ತು ವಿಜಿಎ ಎರಡೂ ಇವೆ, ಇಷ್ಟು ದಿನ ಓಡುತ್ತಿದ್ದದ್ದು ವಿಜಿಎಯಲ್ಲಿ. ಈಗಿನ ಕಾರ್ಡುಗಳಲ್ಲಿ ವಿಜಿಎ ಇಲ್ಲ. ಎಚ್‌ಡಿಎಂಐ ಕೇಬಲ್ ಪಟ್ಟಿಗೆ ಸೇರಿತು.

ಡಬ್ಬದ ಹಿಂಬದಿಯ ಸ್ಕ್ರೂಗಳೆಲ್ಲ ತುಕ್ಕು. ಕಡಲಿಂದ ನಾಲ್ಕೈದು ಕಿಲೋಮೀಟರ್ ದೂರದಲ್ಲಿರುವ ಮನೆ, ಬೇರೆ ಏನು ಆಗಲು ಸಾಧ್ಯ? ಹತ್ತಿಯಲ್ಲಿ ತುಕ್ಕು ಬಿಡಿಸುವ ಎಣ್ಣೆ ಅದ್ದಿ ಸ್ಕ್ರೂ ತಲೆಗೆ ಮಾತ್ರ ಮುಟ್ಟಿಸಿ, ಹತ್ತು ನಿಮಿಷ ಬಿಟ್ಟು ತಿರುಗಿಸಿದಾಗ ಬಂದವು. ಒಳಗೆ ಯಾವತ್ತೂ ಸ್ಪ್ರೇ ಹೊಡೆಯಬೇಡಿ.

ಹಂತ 2: ಯಾವ ಕಾರ್ಡ್

ಇದಕ್ಕೇ ಎಲ್ಲಕ್ಕಿಂತ ಜಾಸ್ತಿ ಸಮಯ ಹೋಯಿತು, ಹೋಗಲೇಬೇಕಿತ್ತು. ಮಂಗಳೂರಿನ ಹಂಪನಕಟ್ಟೆ, ಬಲ್ಮಠ ಕಡೆಯ ಅಂಗಡಿಗಳಲ್ಲಿ ನಾನು ಕೇಳಿದೆ. ಮಣಿಪಾಲದಲ್ಲಿ ಅಳಿಯ ಕೇಳಿದ. ಕೆಳಗಿನ ದರಗಳು ಆಗ ನಮಗೆ ಹೇಳಿದ ದರಗಳು, ಜಿಎಸ್‌ಟಿ ಸೇರಿ. ಜಿಟಿಎಕ್ಸ್, ಆರ್‌ಟಿಎಕ್ಸ್ ಅಂದರೆ ಎನ್‌ವಿಡಿಯಾ ಕಂಪನಿಯದ್ದು, ಆರ್‌ಎಕ್ಸ್ ಅಂದರೆ ಎಎಂಡಿಯದ್ದು.

ಜಿಟಿಎಕ್ಸ್ 1650, 12,500 ರೂಪಾಯಿ. 2019ರ ಕಾರ್ಡ್, 4 ಜಿಬಿ ಮೆಮರಿ. 75 ವಾಟ್ ಮಾತ್ರ ಎಳೆಯುವುದರಿಂದ ಹೆಚ್ಚಿನ ಮಾದರಿಗಳಿಗೆ ಬೇರೆ ವೈರ್ ಬೇಡ. ಆದರೆ ಇವತ್ತಿನ ಗೇಮ್‌ಗಳಿಗೆ 4 ಜಿಬಿ ಸಾಲುವುದಿಲ್ಲ. ಟೆಕ್ಸ್‌ಚರ್ ಕಡಿಮೆ ಮಾಡುತ್ತಾ ಮಾಡುತ್ತಾ ಗೋಡೆ, ರಸ್ತೆ ಎಲ್ಲ ಮಸುಕಾಗಿ ಕಾಣುತ್ತದೆ. ಹೊಸದಕ್ಕೆ ಇಷ್ಟು ದುಡ್ಡು ಕೊಡುವುದು ನನಗೆ ಸರಿ ಕಾಣಲಿಲ್ಲ.

ಆರ್‌ಎಕ್ಸ್ 6500 ಎಕ್ಸ್‌ಟಿ, 13,500. ಹಳೆ ಬೋರ್ಡ್ ಇರುವವರು ಇದರ ಹತ್ತಿರ ಹೋಗಲೇಬಾರದು. ಈ ಕಾರ್ಡ್ ಸ್ಲಾಟಿನ ನಾಲ್ಕೇ ಲೇನ್ (ಮಾಹಿತಿ ಓಡಾಡುವ ಸಾಲು) ಬಳಸುತ್ತದೆ. ಪಿಸಿಐ ಎಕ್ಸ್‌ಪ್ರೆಸ್ 4.0 ಬೋರ್ಡಿನಲ್ಲಿ ಹೇಗೋ ನಡೆಯುತ್ತದೆ. ನಮ್ಮ 3.0 ಬೋರ್ಡಿನಲ್ಲಿ ದಾರಿ ಅರ್ಧವಾಗಿ ಸೆಕೆಂಡಿಗೆ ಸುಮಾರು 4 ಜಿಬಿಗೆ ಇಳಿಯುತ್ತದೆ. ಮೆಮರಿ ಬೇರೆ 4 ಜಿಬಿ. ಅದು ತುಂಬಿದ ಕೂಡಲೇ ಕಾರ್ಡ್ ಮುಖ್ಯ ರ್‍ಯಾಮ್‌ಗೆ ಓಡಬೇಕು, ಓಡುವ ದಾರಿಯೇ ಇಕ್ಕಟ್ಟು. ವಿಡಿಯೋ ರೆಕಾರ್ಡ್ ಮಾಡಲು ಬೇಕಾದ ಎನ್‌ಕೋಡರ್ ಕೂಡ ಇದರಲ್ಲಿ ಇಟ್ಟಿಲ್ಲ. "ಗೇಮ್‌ಗೆ ಇದೇ ಜಾಸ್ತಿ ಹೋಗುವುದು" ಅಂದರು ಒಂದು ಅಂಗಡಿಯವರು. ಮಾರಾಟ ಆಗುತ್ತಿರಬಹುದು, ನಮ್ಮ ಬೋರ್ಡಿಗೆ ಬೇಡ.

ಆರ್‌ಟಿಎಕ್ಸ್ 3050, 16,900. ಇಲ್ಲಿ ಹೆಸರಿನ ವಿಷಯದಲ್ಲಿ ಹುಷಾರಾಗಿರಬೇಕು. 2022ರಲ್ಲಿ ಬಂದದ್ದು 8 ಜಿಬಿ, 130 ವಾಟ್. 2024ರಲ್ಲಿ ಅದೇ ಹೆಸರಲ್ಲಿ ಇನ್ನೊಂದು ಬಂತು: 6 ಜಿಬಿ, 70 ವಾಟ್. ಮೆಮರಿ ಮಾತ್ರ ಕಡಿಮೆ ಮಾಡಿದ್ದಲ್ಲ. ಮೆಮರಿಗೆ ಹೋಗುವ ದಾರಿ 128 ಬಿಟ್‌ನಿಂದ 96ಕ್ಕೆ, ಕೋರ್‌ಗಳು 2560ರಿಂದ 2304ಕ್ಕೆ ಇಳಿದಿವೆ. ಅಂಗಡಿಯಲ್ಲಿ ಎರಡಕ್ಕೂ "3050" ಅಂತಲೇ ಹೇಳುತ್ತಾರೆ. 8 ಜಿಬಿಯ ವಿಮರ್ಶೆ ಓದಿಕೊಂಡು ಹೋಗಿ 6 ಜಿಬಿ ತಂದವರು ಇದ್ದಾರೆ. ನಮಗೆ ಹೇಳಿದ 16,900 ಕೂಡ 6 ಜಿಬಿಗೆ.

"ಮಾವ, ಇದಕ್ಕೆ ವೈರ್ ಬೇಡ, ಎಸ್‌ಎಂಪಿಎಸ್ ಬದಲಾಯಿಸೋದು ಬೇಡ. ಇದೇ ಸಾಕಲ್ವಾ?" ಅಂದ ಅಳಿಯ. ಒಳ್ಳೆ ಪ್ರಶ್ನೆಯೇ. 70 ವಾಟ್ ಪೂರ್ತಿ ಸ್ಲಾಟಿನಿಂದಲೇ ಸಿಗುತ್ತದೆ, ಸ್ಲಾಟ್ 75 ವಾಟ್‌ವರೆಗೆ ಕೊಡಬಲ್ಲದು.

ಆರ್‌ಎಕ್ಸ್ 6600, 20,800. 2021ರ ಅಕ್ಟೋಬರಿನ ಕಾರ್ಡ್. 8 ಜಿಬಿ, 128 ಬಿಟ್, 132 ವಾಟ್, ಒಂದು 8 ಪಿನ್ ವೈರ್ ಬೇಕು. ಎಂಟು ಲೇನ್ ಬಳಸುತ್ತದೆ. ನಮ್ಮ 3.0 ಬೋರ್ಡಿನಲ್ಲೂ ಸೆಕೆಂಡಿಗೆ ಸುಮಾರು 8 ಜಿಬಿ ಸಿಗುತ್ತದೆ, ಮೆಮರಿ ಕೂಡ ಸಾಕಷ್ಟಿದೆ, ಹಾಗಾಗಿ ನಷ್ಟ ತುಂಬಾ ಕಡಿಮೆ. 1080ಪಿ ಗೇಮ್‌ಗಳಲ್ಲಿ ಇದು 8 ಜಿಬಿಯ 3050ಗಿಂತಲೇ ಮುಂದಿದೆ, 6 ಜಿಬಿಯದ್ದಕ್ಕಿಂತ ತುಂಬಾ ಮುಂದೆ.

ಈಗ ಲೆಕ್ಕ. 3050ಯನ್ನು ಹಳೆ ಎಸ್‌ಎಂಪಿಎಸ್‌ನಲ್ಲೇ ಓಡಿಸಿದರೆ 16,900. 6600ಕ್ಕೆ ಹೊಸ ಎಸ್‌ಎಂಪಿಎಸ್ ಸೇರಿ 24,900. 8,000 ವ್ಯತ್ಯಾಸ. ಆದರೆ ಹಳೆ ಎಸ್‌ಎಂಪಿಎಸ್ ಅನ್ನು ನಾನು ಹೇಗೂ ಉಳಿಸುತ್ತಿರಲಿಲ್ಲ. ಕೈಯಲ್ಲಿ ಹಿಡಿದರೆ ಹಗುರ, ಐದು ವರ್ಷ ಓಡಿದೆ, ಫ್ಯಾನ್ ಗೊರಗೊರ ಅನ್ನುತ್ತದೆ. ಇಂಥದ್ದಕ್ಕೆ 17,000ದ ಕಾರ್ಡ್ ಕಟ್ಟಿ ಮಳೆಗಾಲದ ಕರೆಂಟಿಗೆ ಬಿಡುವ ಧೈರ್ಯ ನನಗಿಲ್ಲ. ಎಸ್‌ಎಂಪಿಎಸ್ ಎರಡರಲ್ಲೂ ಬದಲಾಯಿಸುವುದೇ ಅಂತಾದರೆ ವ್ಯತ್ಯಾಸ 3,900ಕ್ಕೆ ಇಳಿಯಿತು. ಅಷ್ಟಕ್ಕೆ ಸಿಗುವ ವೇಗ ನೋಡಿದರೆ 6600 ಬಿಟ್ಟು ಬೇರೆ ಯೋಚನೆ ಬೇಡ ಅನ್ನಿಸಿತು.

ಹಾಗಂತ 6 ಜಿಬಿಯ 3050 ಯಾರಿಗೂ ಬೇಡ ಅನ್ನುವುದಿಲ್ಲ. ಆಫೀಸಿನಿಂದ ಬಂದ ಬ್ರ್ಯಾಂಡೆಡ್ ಸಣ್ಣ ಡಬ್ಬ ಇದ್ದರೆ ಅದರ ಎಸ್‌ಎಂಪಿಎಸ್ ಬದಲಾಯಿಸಲು ಹೆಚ್ಚಾಗಿ ಆಗುವುದಿಲ್ಲ, ಕನೆಕ್ಟರೇ ಬೇರೆ ಇರುತ್ತದೆ. ಅಲ್ಲಿ 70 ವಾಟಿನ ಈ ಕಾರ್ಡ್ ಸರಿಯಾದ ಆಯ್ಕೆ. ಬ್ಲೆಂಡರ್ (3ಡಿ ಚಿತ್ರ ಮಾಡುವ ಸಾಫ್ಟ್‌ವೇರ್) ಅಥವಾ ಸಿಯುಡಿಎ (ಎನ್‌ವಿಡಿಯಾ ಕಾರ್ಡಿನಲ್ಲಿ ಲೆಕ್ಕ ಓಡಿಸುವ ವ್ಯವಸ್ಥೆ) ಬೇಕಾದ ಕೋರ್ಸ್ ಕೆಲಸ ಇರುವವರೂ ಎನ್‌ವಿಡಿಯಾ ಕಡೆಗೇ ಹೋಗಬೇಕು. ಅಳಿಯನದ್ದು ಸಿವಿಲ್, ಸದ್ಯಕ್ಕೆ ಆ ಅಗತ್ಯ ಇಲ್ಲ.

ಇಂಟೆಲ್ ಆರ್ಕ್ ಬಿ580 ನೋಡಿ ಆಸೆಯಾಯಿತು. 12 ಜಿಬಿ ಮೆಮರಿ! ಆದರೆ 190 ವಾಟ್ ಎಳೆಯುತ್ತದೆ, ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಒಳಗಿನ ಮೂಲ ಸಾಫ್ಟ್‌ವೇರ್) ರೀಸೈಜಬಲ್ ಬಾರ್ (ಕಾರ್ಡಿನ ಪೂರ್ತಿ ಮೆಮರಿಯನ್ನು ಪ್ರೊಸೆಸರ್ ಒಟ್ಟಿಗೆ ಬಳಸಲು ಬಿಡುವ ಆಯ್ಕೆ) ಆನ್ ಇರದಿದ್ದರೆ ಸರಿಯಾಗಿ ಓಡುವುದಿಲ್ಲ, ಹಳೆಯ ಪ್ರೊಸೆಸರ್ ಜೊತೆ ಕೆಲವು ಗೇಮ್‌ಗಳಲ್ಲಿ ವೇಗ ಬಿದ್ದುಹೋಗುತ್ತದೆ. ಹೊಸ ಪ್ರೊಸೆಸರ್ ಇರುವವರು ನೋಡಬಹುದು. ಆರ್‌ಎಕ್ಸ್ 7600, ಆರ್‌ಟಿಎಕ್ಸ್ 5060 ಎರಡೂ ಎಸ್‌ಎಂಪಿಎಸ್ ಸೇರಿಸಿದರೆ ಬಜೆಟ್ ದಾಟಿದವು.

ಹಂತ 3: ಸುರತ್ಕಲ್‌ನಲ್ಲಿ ನೋಡಿದ ಹಳೆ ಕಾರ್ಡ್

ಹೊಸದು ಕೊಳ್ಳುವ ಮೊದಲು ಸೆಕೆಂಡ್ ಹ್ಯಾಂಡ್ ಕೂಡ ನೋಡೋಣ ಅಂತ ಹೋದೆವು. ಎನ್‌ಐಟಿಕೆ ಎಂಜಿನಿಯರಿಂಗ್ ಕಾಲೇಜು ಇರುವುದರಿಂದ ಸುರತ್ಕಲ್ ಕಡೆ ಹುಡುಗರು ಓದು ಮುಗಿಸಿ ಊರಿಗೆ ಹೋಗುವಾಗ ಪಿಸಿ ಮಾರುತ್ತಾರೆ. ಸಿಕ್ಕಿದ್ದು ಜಿಟಿಎಕ್ಸ್ 1660 ಸೂಪರ್, 9,000 ರೂಪಾಯಿ. 6 ಜಿಬಿ, 125 ವಾಟ್, 192 ಬಿಟ್. ಹದಿನಾರೂ ಲೇನ್ ಬಳಸುವ 3.0 ಕಾರ್ಡ್, ನಮ್ಮ ಬೋರ್ಡಿಗೆ ಹೇಳಿ ಮಾಡಿಸಿದ ಹಾಗೆ. ಕಾಗದದ ಮೇಲೆ ಒಳ್ಳೆ ವ್ಯಾಪಾರ.

ಅಲ್ಲೇ ಮಾರುವವರ ಪಿಸಿಯಲ್ಲಿ ಜಿಪಿಯು-ಝಡ್ (ಕಾರ್ಡಿನ ವಿವರ ತೋರಿಸುವ ಸಾಫ್ಟ್‌ವೇರ್) ಹಾಕಿ ನೋಡಿದೆವು, ಹೆಸರು, ಮೆಮರಿ, ಕೋರ್ ಎಲ್ಲ ಸರಿ ಇತ್ತು. ಕಾರ್ಡಿಗೆ ಪೂರ್ತಿ ಭಾರ ಹಾಕಿ ಪರೀಕ್ಷಿಸುವ ಫರ್‌ಮಾರ್ಕ್ 15 ನಿಮಿಷ ಓಡಿಸಿದೆವು, ಪರದೆಯಲ್ಲಿ ಚುಕ್ಕಿ, ಗೆರೆ ಏನೂ ಬರಲಿಲ್ಲ. ಆಮೇಲೆ ಕಾರ್ಡ್ ಹೊರಗೆ ತೆಗೆದು ಟಾರ್ಚ್ ಹಿಡಿದಾಗ ವಿಷಯ ಗೊತ್ತಾಯಿತು. ಹಿಂದಿನ ತಗಡಿನಲ್ಲಿ ತುಕ್ಕು. ಎಚ್‌ಡಿಎಂಐ ಪೋರ್ಟಿನ ಒಳಗೆ ಹಸಿರು ಬಿಳಿ ಪುಡಿ. ಹೀಟ್‌ಸಿಂಕಿನ ಸ್ಪ್ರಿಂಗ್ ಸ್ಕ್ರೂಗಳ ಸುತ್ತ ಅದೇ ಪುಡಿ. ರೂಮು ಬೀಚಿಗೆ ತೀರಾ ಹತ್ತಿರ. ಉಪ್ಪುಗಾಳಿ ಒಳಗಿನವರೆಗೆ ಹೋಗಿದೆ. ಸಾಫ್ಟ್‌ವೇರ್ ಪರೀಕ್ಷೆ ಇವತ್ತಿನ ಸ್ಥಿತಿ ಹೇಳುತ್ತದೆ, ಈ ಪುಡಿ ಮುಂದಿನ ಮಳೆಗಾಲದ್ದು ಹೇಳುತ್ತದೆ. ಬೇಡ ಅಂತ ಬಂದೆವು.

ನಮ್ಮ ಕರಾವಳಿಯಲ್ಲಿ ಹಳೆ ಕಾರ್ಡ್ ಕೊಳ್ಳುವವರು ಗೇಮ್ ಓಡಿಸಿ ನೋಡಿದರೆ ಸಾಲದು. ಪೋರ್ಟ್, ಸ್ಕ್ರೂ, ಸ್ಲಾಟಿನಲ್ಲಿ ಕೂರುವ ಚಿನ್ನದ ಬಣ್ಣದ ಹಲ್ಲುಗಳನ್ನು ಕಣ್ಣಾರೆ ನೋಡಿ. ಹಲ್ಲಿನ ಮೇಲೆ ಬರೀ ಕಲೆ ಇದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದರೆ ಹೋಗುತ್ತದೆ. ಗುಳಿ ಬಿದ್ದಿದ್ದರೆ ಬಿಡಿ. ಆರ್‌ಎಕ್ಸ್ 580 ಅಗ್ಗಕ್ಕೆ ಸಿಕ್ಕರೆ ಜಿಪಿಯು-ಝಡ್‌ನಲ್ಲಿ ಶೇಡರ್ (ಕಾರ್ಡಿನ ಕೋರ್) ಸಂಖ್ಯೆ ನೋಡಿ. ಪೂರ್ತಿ ಕಾರ್ಡಿನಲ್ಲಿ 2304 ಇರಬೇಕು. 2048 ಇದ್ದರೆ ಅದು ಬೇರೆಯೇ ಮಾದರಿ, ಬೆಲೆಯೂ ಆ ಪ್ರಕಾರ ಕಡಿಮೆ ಇರಬೇಕು.

ಹಂತ 4: ಖರೀದಿ

ಕಾರ್ಡ್, ಎಸ್‌ಎಂಪಿಎಸ್, ರ್‍ಯಾಮ್ ಮೂರನ್ನೂ ಮಂಗಳೂರಿನ ಒಂದೇ ಅಂಗಡಿಯಲ್ಲಿ ಕೊಂಡೆವು. ಎಸ್‌ಎಂಪಿಎಸ್ 550 ವಾಟ್, 80 ಪ್ಲಸ್ ಬ್ರಾಂಜ್ (ಕರೆಂಟ್ ಕಡಿಮೆ ಪೋಲು ಮಾಡುತ್ತದೆ ಅನ್ನುವ ದರ್ಜೆ), 4,100. ಇದರಲ್ಲೂ ಮೊದಲು ನೋಡಿದ್ದು 12 ವೋಲ್ಟ್ ಸಾಲು: 40 ಆಂಪಿಯರ್‌ಗಿಂತ ಮೇಲಿದೆ.

ಅಂಗಡಿಯವರು ಒಳ್ಳೆ ಮನಸ್ಸಿನಿಂದಲೇ ಹೇಳಿದರು, "ಸರ್, ಎಸ್‌ಎಂಪಿಎಸ್ ಎಂತಕ್ಕೆ? ಮೊಲೆಕ್ಸ್‌ನಿಂದ 8 ಪಿನ್‌ಗೆ ಕನ್ವರ್ಟರ್ ಉಂಟು, 150 ರೂಪಾಯಿ. ಹಾಕಿದ್ರೆ ಆಯ್ತು." ಮೊಲೆಕ್ಸ್ ಅಂದರೆ ಹಳೆ ಡ್ರೈವ್‌ಗಳಿಗೆ ಕೊಡುವ 4 ಪಿನ್ ವೈರ್. ದಯವಿಟ್ಟು ಯಾರೂ ಇದನ್ನು ಮಾಡಬೇಡಿ. 8 ಪಿನ್ ಕನೆಕ್ಟರ್ 150 ವಾಟ್ ಕೊಡಲು ಮಾಡಿದ್ದು. ಕನ್ವರ್ಟರ್ ಹಾಕಿದ ಮಾತ್ರಕ್ಕೆ ಹಿಂದಿರುವ 168 ವಾಟ್ ಹೆಚ್ಚಾಗುವುದಿಲ್ಲ. ಕಾರ್ಡಿಗೆ 132, ಪ್ರೊಸೆಸರ್‌ಗೆ 65, ಅಲ್ಲಿಗೇ 197 ಆಯಿತು. ಆ ಪ್ರೊಸೆಸರ್ ಸ್ವಲ್ಪ ಹೊತ್ತು 65ಕ್ಕಿಂತ ಜಾಸ್ತಿಯೂ ಎಳೆಯುತ್ತದೆ. ತೆಳ್ಳಗಿನ ವೈರಿನಲ್ಲಿ ಇದೆಲ್ಲ ಹೋದರೆ ಮೊದಲು ಕರಗುವುದು ಕನೆಕ್ಟರಿನ ಪ್ಲಾಸ್ಟಿಕ್.

ರ್‍ಯಾಮ್ ಇನ್ನೊಂದು 8 ಜಿಬಿ ಡಿಡಿಆರ್4, 1,750. ಒಂದೇ ಸ್ಲಾಟಿನಲ್ಲಿ ಒಂದೇ ರ್‍ಯಾಮ್ ಇದ್ದರೆ ಪ್ರೊಸೆಸರ್‌ಗೆ ಅರ್ಧ ದಾರಿ ಮಾತ್ರ ಸಿಗುತ್ತದೆ, ಗೇಮ್ ನಡುನಡುವೆ ತಡವರಿಸುತ್ತದೆ. ಈ ಬೋರ್ಡ್ ಮತ್ತು ಪ್ರೊಸೆಸರ್ ಜೋಡಿಗೆ 2666ಕ್ಕಿಂತ ಜಾಸ್ತಿ ವೇಗ ಸಿಗುವುದಿಲ್ಲ. 3200ರ ರ್‍ಯಾಮ್ ಹಾಕಿದರೂ ಅಷ್ಟಕ್ಕೇ ಇಳಿಯುತ್ತದೆ.

ಬಿಲ್‌ನಲ್ಲಿ ಕಾರ್ಡಿನ ಸೀರಿಯಲ್ ನಂಬರ್ ಬರೆಸಿಕೊಂಡೆ. ಪೆಟ್ಟಿಗೆಯ ಮೇಲಿನದ್ದು, ಕಾರ್ಡಿನ ಮೇಲಿನದ್ದು ಎರಡೂ ಹೊಂದುತ್ತವಾ ಅಂತ ಅಲ್ಲೇ ನೋಡಿದೆ. ತುಕ್ಕು ಹಿಡಿದ ಕಾರ್ಡಿಗೆ ವಾರಂಟಿ ಇಲ್ಲ ಅನ್ನುವ ಷರತ್ತು ಸಾಮಾನ್ಯವಾಗಿ ಇರುತ್ತದೆ, ನಮ್ಮ ಊರಿನವರು ಅದನ್ನು ಓದಿಯೇ ಕೊಳ್ಳಬೇಕು.

ಹಂತ 5: ಕಾರ್ಡಿಗಿಂತ ಮೊದಲು ಕರೆಂಟ್

ಡಬ್ಬದ ಬಣ್ಣ ಹೋದ ಜಾಗಕ್ಕೆ ಟೆಸ್ಟರ್ ಮುಟ್ಟಿಸಿದೆ. ಮಿಣುಕಿತು. ಅಕ್ಕ ಹೇಳಿದಳು, "ಬರಿಗಾಲಲ್ಲಿ ಮುಟ್ಟಿದ್ರೆ ಒಂಥರಾ ಜುಮ್ ಅನ್ನತ್ತೆ, ಮೊದಲಿಂದಲೂ ಹಾಗೇ." ಅದು ಅರ್ಥಿಂಗ್ ಇಲ್ಲದ ಲಕ್ಷಣ. ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರ್‌ಗಳಿಂದ ಸೋರುವ ಸಣ್ಣ ಕರೆಂಟ್ ಅರ್ಥ್ ವೈರಿನಲ್ಲಿ ಹೋಗಬೇಕು. ದಾರಿ ಇಲ್ಲದಿದ್ದರೆ ಡಬ್ಬದ ಮೇಲೆ ನಿಲ್ಲುತ್ತದೆ. ಆ ಡಬ್ಬಕ್ಕೆ ಮಾನಿಟರ್ ಕೇಬಲ್ ಸಿಕ್ಕಿಸುವಾಗ ಹೊಸ ಕಾರ್ಡಿನ ಪೋರ್ಟೇ ಹೋಗಬಹುದು.

ಎಲೆಕ್ಟ್ರಿಷಿಯನ್ ಬಂದು ಪ್ಲಗ್ ಬಿಚ್ಚಿದಾಗ ಅರ್ಥ್ ವೈರ್ ಒಳಗೆ ಸುಮ್ನೆ ನೇತಾಡುತ್ತಿತ್ತು, ತುದಿ ಹಸಿರುಗಟ್ಟಿತ್ತು. ಹೊಸ ವೈರ್ ಎಳೆದು ಕಟ್ಟಿದರು, ಸಾಕೆಟ್ ಬದಲಾಯಿಸಿದರು. ಎಲ್ಲ ಸೇರಿ 600. ಟೆಸ್ಟರ್ ಮಿಣುಕುವುದು ನಿಂತಿತು.

ಯುಪಿಎಸ್ 600 ವಿಎ, ಲೇಬಲ್‌ನಲ್ಲಿ 360 ವಾಟ್. ಪಿಸಿ ಆನ್ ಇರುವಾಗ ಗೋಡೆಯ ಸ್ವಿಚ್ ಆರಿಸಿ ನೋಡಿದೆ. ಒಂದು ಸಲ ಬೀಪ್ ಅಂದು ಎಲ್ಲ ಆರಿಹೋಯಿತು. ಒಳಗಿನ 12 ವೋಲ್ಟ್ 7 ಎಎಚ್ ಬ್ಯಾಟರಿ ಉಬ್ಬಿತ್ತು. ಹೊಸದು 1,050. ಮುಂದೆ ಬಯೋಸ್ ಅಪ್‌ಡೇಟ್ ಮಾಡುವುದಿತ್ತು. ಅದರ ಮಧ್ಯೆ ಕರೆಂಟ್ ಹೋದರೆ ಮದರ್‌ಬೋರ್ಡೇ ಹೋದ ಹಾಗೆ. ಆಟಿ ತಿಂಗಳ ಗಾಳಿಮಳೆಯಲ್ಲಿ ಯುಪಿಎಸ್ ಸರಿ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬಾರದು.

ಹಂತ 6: ಜೋಡಣೆ

ಮಳೆಯಲ್ಲಿ ಬಸ್ಸಿನಲ್ಲಿ ತಂದ ಪೆಟ್ಟಿಗೆಯನ್ನು ಕೂಡಲೇ ಒಡೆಯದೆ ರಾತ್ರಿಯಿಡೀ ರೂಮಿನಲ್ಲೇ ಇಟ್ಟೆವು. ಎಸಿ ಅಂಗಡಿಯ ತಣ್ಣನೆ ಸಾಮಾನು ತೇವದ ಗಾಳಿಗೆ ಬಂದರೆ ಮೇಲೆ ನೀರು ಕಟ್ಟುತ್ತದೆ.

ಮೊದಲು ಎಸ್‌ಎಂಪಿಎಸ್. ಹೊಸದರಲ್ಲಿ ನೋಡಲು ಒಂದೇ ತರ ಕಾಣುವ ಎರಡು 8 ಪಿನ್ ಇವೆ. 4 ಮತ್ತು 4 ಆಗಿ ಒಡೆಯುವುದು ಪ್ರೊಸೆಸರ್‌ಗೆ, 6 ಮತ್ತು 2 ಆಗಿ ಒಡೆಯುವುದು ಕಾರ್ಡಿಗೆ. ಪಿನ್ನುಗಳ ಆಕಾರ ಬೇರೆ, ಪ್ಲಸ್ ಮೈನಸ್ ಜಾಗವೂ ತಿರುಗುಮುರುಗು. ಸುಲಭವಾಗಿ ಕೂರದಿದ್ದರೆ ಒತ್ತಬೇಡಿ, ತಪ್ಪು ವೈರ್ ಕೈಯಲ್ಲಿದೆ ಅಂತ ಅರ್ಥ.

ಡಬ್ಬದ ಹಿಂದೆ ಎರಡು ತಗಡಿನ ಪಟ್ಟಿ ಮುರಿದು ತೆಗೆಯಬೇಕು. ನೋಸ್ ಪ್ಲೈಯರ್‌ನಲ್ಲಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದರೆ ಮುರಿಯುತ್ತದೆ. ಚೂರು ಬೋರ್ಡಿನ ಮೇಲೆ ಬೀಳದ ಹಾಗೆ ಕೆಳಗೆ ಬಟ್ಟೆ ಇಟ್ಟೆವು.

ಕಾರ್ಡ್ ಮೊದಲು ಕೂರಲಿಲ್ಲ. ಸ್ಲಾಟಿನ ಚಿಲಕ ಹಾಕಿಕೊಳ್ಳುವಷ್ಟರಲ್ಲಿ ಹಿಂದಿನ ಬ್ರ್ಯಾಕೆಟ್ ಡಬ್ಬದ ತಗಡಿಗೆ ತಾಗಿ ಮೇಲೇಳುತ್ತಿತ್ತು. ಅಗ್ಗದ ಕ್ಯಾಬಿನೆಟ್‌ಗಳಲ್ಲಿ ಇದು ಸಾಮಾನ್ಯ, ಅಳತೆ ಒಂದು ಮಿಲಿಮೀಟರ್ ಆಚೀಚೆ ಇರುತ್ತದೆ. ಕಾರ್ಡನ್ನು ಬಲವಂತ ಮಾಡುವ ಬದಲು ಮದರ್‌ಬೋರ್ಡಿನ ಸ್ಕ್ರೂಗಳನ್ನೆಲ್ಲ ಸಡಿಲ ಮಾಡಿ, ಕಾರ್ಡ್ ಕೂರಿಸಿ, ಬ್ರ್ಯಾಕೆಟ್ ಸ್ಕ್ರೂ ಹಾಕಿ, ಆಮೇಲೆ ಬೋರ್ಡ್ ಬಿಗಿ ಮಾಡಿದೆವು. ಟಕ್ ಅಂತ ಕೂತಿತು.

ಸಾಟಾ ಕೇಬಲ್ ನಿರೀಕ್ಷೆಯ ಹಾಗೆಯೇ ಕಾರ್ಡಿಗೆ ತಾಗಿತು. ತುದಿ ಬಾಗಿದ ಕೇಬಲ್ 90 ರೂಪಾಯಿಗೆ ಸಂತೆಕಟ್ಟೆಯಲ್ಲೇ ಸಿಕ್ಕಿತು. ಎಚ್‌ಡಿಎಂಐ ಕೇಬಲ್ 250.

ಆನ್ ಮಾಡಿದಾಗ, "ಫ್ಯಾನ್ ತಿರುಗ್ತಾ ಇಲ್ಲ ಮಾವ!" ಅಂತ ಅಳಿಯನಿಗೆ ಗಾಬರಿ. ಬಿಸಿ ಏರುವವರೆಗೆ ಈ ಕಾರ್ಡಿನ ಫ್ಯಾನ್ ನಿಂತೇ ಇರುತ್ತದೆ. ಗೇಮ್ ಹಾಕಿದ ಮೇಲೆ ತಿರುಗಿತು.

ಹಂತ 7: ಬಯೋಸ್, ಎಲ್ಲಕ್ಕಿಂತ ತೊಡಕಿನ ಭಾಗ

ಗುರಿ ಎರಡು. ರೀಸೈಜಬಲ್ ಬಾರ್ ಆನ್ ಆಗಬೇಕು. ವಿಂಡೋಸ್ 11ಕ್ಕೆ ಹೋಗಬೇಕು, ಯಾಕೆಂದರೆ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಗೇಮ್ ಆಡಲು ಟಿಪಿಎಂ 2.0, ಸೆಕ್ಯೂರ್ ಬೂಟ್ ಅನ್ನುವ ಭದ್ರತಾ ವ್ಯವಸ್ಥೆ ಎರಡೂ ಬೇಕು. ಇದೆಲ್ಲಕ್ಕೂ ಬಯೋಸ್‌ನಲ್ಲಿ ಸಿಎಸ್‌ಎಂ (ಹಳೆ ರೀತಿಯಲ್ಲಿ ಬೂಟ್ ಮಾಡಿಸುವ ಆಯ್ಕೆ) ಆಫ್ ಇರಬೇಕು.

ಮೊದಲು ಹೊಸ ಬಯೋಸ್ ಹಾಕಿದೆವು. ಪೆನ್‌ಡ್ರೈವ್ ಫ್ಯಾಟ್32ರಲ್ಲಿ ಫಾರ್ಮ್ಯಾಟ್, ಬೋರ್ಡ್ ತಯಾರಕರ ಸೈಟಿನಿಂದ ಫೈಲ್. ಬೋರ್ಡಿನ ಮೇಲೆ ಅಚ್ಚಾದ ಮಾದರಿ ಹೆಸರು ಮತ್ತು ರಿವಿಷನ್ ನಂಬರ್ ಎರಡನ್ನೂ ನೋಡಿಯೇ ಇಳಿಸಿಕೊಳ್ಳಿ. ಅಪ್‌ಡೇಟ್ ಆದ ಮೇಲೆ ರೀಸೈಜಬಲ್ ಬಾರ್ ಆಯ್ಕೆ ಮೆನುವಿನಲ್ಲಿ ಬಂತು.

ಸಿಎಸ್‌ಎಂ ಆಫ್ ಮಾಡಿ ಸೇವ್ ಕೊಟ್ಟೆವು. ವಿಂಡೋಸ್ ಬರಲಿಲ್ಲ, ಮತ್ತೆ ಮತ್ತೆ ಬಯೋಸ್‌ಗೇ ಬಂದು ನಿಂತಿತು. ಕಾರಣ: ಮೊದಲು ವಿಂಡೋಸ್ ಹಾಕಿದವರು ಎಸ್‌ಎಸ್‌ಡಿಯನ್ನು ಹಳೆಯ ಎಂಬಿಆರ್ ಶೈಲಿಯಲ್ಲಿ ಫಾರ್ಮ್ಯಾಟ್ ಮಾಡಿದ್ದರು. ಸಿಎಸ್‌ಎಂ ಇಲ್ಲದೆ ಬೂಟ್ ಆಗಲು ಜಿಪಿಟಿ ಅನ್ನುವ ಹೊಸ ಶೈಲಿ ಇರಬೇಕು.

ಸಿಎಸ್‌ಎಂ ವಾಪಸ್ ಆನ್ ಮಾಡಿ ವಿಂಡೋಸ್‌ಗೆ ಬಂದೆವು. ಅಕ್ಕನ ಫೋಟೋಗಳನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕಿಗೆ ಬ್ಯಾಕಪ್ ಮಾಡಿದೆವು. ಇದನ್ನು ಬಿಟ್ಟು ಮುಂದೆ ಹೋಗಬೇಡಿ. ವಿಂಡೋಸ್‌ನಲ್ಲೇ ಎಂಬಿಆರ್‌ಟುಜಿಪಿಟಿ ಅನ್ನುವ ಉಪಕರಣ ಇದೆ, ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ ಓಡುತ್ತದೆ. ಬದಲಾಯಿಸುವ ಮೊದಲು ವ್ಯಾಲಿಡೇಟ್ ಆಯ್ಕೆ ಕೊಟ್ಟು ಪರೀಕ್ಷಿಸಬಹುದು. ಪರೀಕ್ಷೆ ಫೇಲ್ ಆಯಿತು.

ಅರ್ಧ ಸಂಜೆ ಇದರಲ್ಲೇ ಹೋಯಿತು. ಕೊನೆಗೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿದಾಗ ಕಾರಣ ಎದುರಿಗೇ ಇತ್ತು. ಆ ಎಸ್‌ಎಸ್‌ಡಿಯಲ್ಲಿ ಸಿಸ್ಟಮ್ ರಿಸರ್ವ್ಡ್, ಸಿ, ಡಿ, ಇ ಅಂತ ನಾಲ್ಕು ಪ್ರೈಮರಿ ಪಾರ್ಟಿಶನ್ ಮಾಡಿಟ್ಟಿದ್ದರು. ಈ ಉಪಕರಣ ಮೂರರವರೆಗೆ ಮಾತ್ರ ಒಪ್ಪುತ್ತದೆ. ಇ ಡ್ರೈವಿನ ಸಾಮಾನನ್ನು ಹಾರ್ಡ್ ಡಿಸ್ಕಿಗೆ ಸರಿಸಿ ಅದನ್ನು ಡಿಲೀಟ್ ಮಾಡಿದೆವು. ಈ ಸಲ ವ್ಯಾಲಿಡೇಟ್ ಪಾಸ್. ಕನ್ವರ್ಟ್ ಕೊಟ್ಟ ಮೇಲೆ ಒಂದೆರಡು ನಿಮಿಷದಲ್ಲಿ ಮುಗಿಯಿತು. ಒಂದು ಫೈಲೂ ಹೋಗಲಿಲ್ಲ.

ಆಮೇಲೆ ಬಯೋಸ್‌ನಲ್ಲಿ ಈ ಕ್ರಮ: ಸಿಎಸ್‌ಎಂ ಆಫ್, ಅಬೌವ್ 4ಜಿ ಡಿಕೋಡಿಂಗ್ ಆನ್, ರೀಸೈಜಬಲ್ ಬಾರ್ ಆನ್, ಇಂಟೆಲ್ ಪಿಟಿಟಿ ಆನ್ (ಟಿಪಿಎಂ ಸಿಗುವುದು ಇದರಿಂದಲೇ), ಸೆಕ್ಯೂರ್ ಬೂಟ್ ಆನ್. ವಿಂಡೋಸ್ ಸರಿಯಾಗಿ ಬಂತು. ಫೋರ್ಜಾ ಹೊರೈಜನ್ 5ರಲ್ಲಿ ರೀಸೈಜಬಲ್ ಬಾರ್ ಆನ್ ಆದ ಮೇಲೆ ಸರಾಸರಿ ಸೆಕೆಂಡಿಗೆ 84 ಫ್ರೇಮ್ ಇದ್ದದ್ದು 91 ಆಯಿತು. ವ್ಯಾಲೊರಂಟ್‌ನಲ್ಲಿ ವ್ಯತ್ಯಾಸ ಕಾಣಲಿಲ್ಲ.

ಹಂತ 8: ಡ್ರೈವರ್

ಎಎಂಡಿ ಸೈಟಿನಿಂದ ಅಡ್ರೆನಲಿನ್ (ಕಾರ್ಡಿನ ಡ್ರೈವರ್ ಮತ್ತು ಸೆಟ್ಟಿಂಗ್ ಸಾಫ್ಟ್‌ವೇರ್) ಇಳಿಸಿ ಹಾಕಿದೆವು. ಆಮೇಲೊಂದು ದಿನ ಅಡ್ರೆನಲಿನ್ ತೆರೆಯಲೇ ಇಲ್ಲ, ಡ್ರೈವರ್ ಆವೃತ್ತಿ ಹೊಂದುವುದಿಲ್ಲ ಅಂತ ಹೇಳಿತು. ವಿಂಡೋಸ್ ಅಪ್‌ಡೇಟ್ ತಾನೇ ಬೇರೆ ಡ್ರೈವರ್ ತಂದು ಮೇಲೆ ಹಾಕಿತ್ತು. ಇಂಟರ್‌ನೆಟ್ ಕೇಬಲ್ ಕಿತ್ತು, ಸೇಫ್ ಮೋಡಿನಲ್ಲಿ ಡಿಡಿಯು (ಹಳೆ ಡ್ರೈವರ್ ಅಳಿಸುವ ಸಾಫ್ಟ್‌ವೇರ್) ಓಡಿಸಿ ಎಲ್ಲ ತೆಗೆದು, ಮತ್ತೆ ಅಡ್ರೆನಲಿನ್ ಹಾಕಿ, ಡಿವೈಸ್ ಇನ್‌ಸ್ಟಲೇಶನ್ ಸೆಟ್ಟಿಂಗ್‌ನಲ್ಲಿ "ನೋ" ಕೊಟ್ಟೆವು. ಆಮೇಲೆ ತೊಂದರೆ ಬರಲಿಲ್ಲ.

ಹಂತ 9: ಬಿಸಿ

ರೂಮು 30 ಡಿಗ್ರಿ, ಮಳೆಯಿಂದ ಕಿಟಕಿ ಮುಚ್ಚಿದೆ. ಸೈಬರ್‌ಪಂಕ್ 2077 ಅರ್ಧ ಗಂಟೆ ಆಡಿದ ಮೇಲೆ ಕಾರ್ಡ್ 74 ಡಿಗ್ರಿ, ಹಾಟ್‌ಸ್ಪಾಟ್ (ಚಿಪ್ಪಿನಲ್ಲಿ ಎಲ್ಲಕ್ಕಿಂತ ಬಿಸಿಯಾದ ಜಾಗ) 91. ಹಾಟ್‌ಸ್ಪಾಟ್ ಮಿತಿ 110, ಹಾಗಾಗಿ ಅಪಾಯವೇನಿಲ್ಲ. ಆದರೆ ಮಾರ್ಚ್, ಏಪ್ರಿಲ್ ಸೆಕೆ ಇನ್ನೂ ಬಾಕಿ ಇದೆ, ಅಲ್ವಾ?

ಡಬ್ಬದ ಮುಂದೆ 120 ಮಿಲಿಮೀಟರ್ ಫ್ಯಾನ್ ಒಂದು, 380 ರೂಪಾಯಿ, ಗಾಳಿ ಒಳಗೆ ಬರುವ ಹಾಗೆ. 69 ಮತ್ತು 85ಕ್ಕೆ ಇಳಿಯಿತು.

ಬಿಸಿ ಇನ್ನೂ ಇಳಿಸಲು ನಂತರ ವೋಲ್ಟೇಜ್. ಅಡ್ರೆನಲಿನ್‌ನಲ್ಲಿ 1150 ಮಿಲಿವೋಲ್ಟ್ ಇತ್ತು. 1050ಕ್ಕೆ ಇಳಿಸಿದಾಗ ಬೆಂಚ್‌ಮಾರ್ಕ್ ಪಾಸಾಯಿತು, ಸೈಬರ್‌ಪಂಕ್‌ನಲ್ಲಿ ಇಪ್ಪತ್ತು ನಿಮಿಷಕ್ಕೆ ಪರದೆ ಕಪ್ಪಾಗಿ ಡ್ರೈವರ್ ಬಿದ್ದಿತು. 1070ರಲ್ಲೂ ಫೋರ್ಜಾ ಒಮ್ಮೆ ನಿಂತಿತು. 1090ರಲ್ಲಿ ಇಲ್ಲಿಯವರೆಗೆ ಏನೂ ಆಗಿಲ್ಲ. ಬೆಂಚ್‌ಮಾರ್ಕ್ ಪಾಸಾದರೆ ಸಾಕು ಅಂತ ನಂಬಬೇಡಿ, ಆಡುವ ಗೇಮ್‌ನಲ್ಲೇ ಪರೀಕ್ಷೆ ಮಾಡಬೇಕು.

ಮಾನಿಟರ್ 75 ಹರ್ಟ್ಸ್ ಆದ್ದರಿಂದ ದೊಡ್ಡ ಗೇಮ್‌ಗಳಿಗೆ 74 ಫ್ರೇಮ್‌ಗೆ ಮಿತಿ ಹಾಕಿದೆವು. ಅದಕ್ಕಿಂತ ಜಾಸ್ತಿ ಬಂದರೂ ಈ ಪರದೆ ತೋರಿಸುವುದಿಲ್ಲ. ಪ್ಲಗ್ಗಿನ ವಾಟ್ ಮೀಟರಿನಲ್ಲಿ ಮೊದಲು 215 ಇದ್ದದ್ದು ಸುಮಾರು 165ಕ್ಕೆ ಬಂತು. ಕಾರ್ಡ್ 62, ಹಾಟ್‌ಸ್ಪಾಟ್ 74. ಅಡ್ರೆನಲಿನ್ ತೋರಿಸುವ ವಾಟ್ ಚಿಪ್ಪಿನದ್ದು ಮಾತ್ರ, ಪೂರ್ತಿ ಕಾರ್ಡಿನದ್ದಲ್ಲ. ಅದಕ್ಕೇ ಗೋಡೆಯ ಮೀಟರ್ ಬಳಸಿದೆ. ಗೇಮ್ ಓಡುತ್ತಿರುವಾಗಲೇ ಗೋಡೆಯ ಸ್ವಿಚ್ ಆರಿಸಿ ನೋಡಿದೆವು, ಯುಪಿಎಸ್ ತಡೆದುಕೊಂಡಿತು, ಸೇವ್ ಮಾಡಿ ಶಟ್‌ಡೌನ್ ಮಾಡುವಷ್ಟು ಸಮಯ ಸಿಕ್ಕಿತು.

ಡಬ್ಬದೊಳಗೆ ಸಿಲಿಕಾ ಜೆಲ್ ಇಡಲು ಕೆಲವರು ಹೇಳಿದರು. ಎಲ್ಲ ಕಡೆ ತೂತು ಇರುವ ಡಬ್ಬದಲ್ಲಿ ಅದು ಬೇಗ ತೇವ ಹೀರಿ ಮುಗಿದುಹೋಗುತ್ತದೆ. ಮಳೆಗಾಲದಲ್ಲಿ ದಿನಕ್ಕೆ ಒಂದು ಗಂಟೆಯಾದರೂ ಪಿಸಿ ಓಡಿಸುವುದು ಅದಕ್ಕಿಂತ ಒಳ್ಳೆಯದು. ಒಳಗಿನ ಬಿಸಿಗೆ ತೇವ ಕೂರುವುದಿಲ್ಲ.

ಹಂತ 10: ಈಗ ಹೇಗೆ ಓಡುತ್ತಿದೆ, ಎಷ್ಟಾಯಿತು

ಮಿತಿ ತೆಗೆದು, 1080ಪಿಯಲ್ಲಿ ನಾವು ಅಳೆದ ಸರಾಸರಿ: ಫೋರ್ಜಾ ಹೊರೈಜನ್ 5 ಹೈ 91, ಸೈಬರ್‌ಪಂಕ್ 2077 ಮೀಡಿಯಂ 68, ರೆಡ್ ಡೆಡ್ ರಿಡೆಂಪ್ಶನ್ 2 ಮಧ್ಯಮ ಸೆಟ್ಟಿಂಗ್ 66, ಜಿಟಿಎ 5 ವೆರಿ ಹೈ 95ರ ಸುತ್ತ, ವ್ಯಾಲೊರಂಟ್ 220ಕ್ಕಿಂತ ಮೇಲೆ. ಮೊದಲು ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್‌ನಲ್ಲಿ ಜಿಟಿಎ 5 ಆಡಲು 720ಪಿಗೆ ಇಳಿಸಬೇಕಿತ್ತು, ಆಗಲೂ 30 ಮುಟ್ಟಲು ಕಷ್ಟ ಪಡುತ್ತಿತ್ತು.

ಕಾರ್ಡ್ 20,800. ಎಸ್‌ಎಂಪಿಎಸ್ 4,100. ರ್‍ಯಾಮ್ 1,750. ಎಚ್‌ಡಿಎಂಐ ಕೇಬಲ್ 250. ಸಾಟಾ ಕೇಬಲ್ 90. ಫ್ಯಾನ್ 380. ಪಿಸಿಯ ಖರ್ಚು 27,370. ಯುಪಿಎಸ್ ಬ್ಯಾಟರಿ ಮತ್ತು ಅರ್ಥಿಂಗ್ 1,650. ಒಟ್ಟು 29,020. ಬಜೆಟ್ ಮೇಲೆ ಹೋದ 1,020 ರೂಪಾಯಿಯನ್ನು ಭಾವ ಮನೆ ರಿಪೇರಿ ಲೆಕ್ಕಕ್ಕೆ ಹಾಕಿಕೊಂಡರು. ಅದು ನ್ಯಾಯವೇ, ಅರ್ಥಿಂಗ್ ಇಡೀ ರೂಮಿಗೆ ಬೇಕಿತ್ತು.

ಬಾಕಿ ಇರುವುದು ಒಂದು ಕೆಲಸ. ಪ್ರೊಸೆಸರಿನ ಮೇಲಿನ ಪೇಸ್ಟ್ ಒಣಗಿದೆ, ಗೇಮ್ ಆಡುವಾಗ 82 ಡಿಗ್ರಿವರೆಗೆ ಹೋಗುತ್ತಿದೆ. ಕೂಲರಿನ ಪ್ಲಾಸ್ಟಿಕ್ ಪಿನ್ನುಗಳಿಗೂ ಐದು ವರ್ಷವಾಗಿದೆ, ತೆಗೆಯುವಾಗ ಮುರಿಯಬಹುದು. ಹೊಸ ಕೂಲರ್ ಕೈಯಲ್ಲಿ ಇಟ್ಟುಕೊಂಡೇ ಅದನ್ನು ಬಿಚ್ಚುವುದು ಅಂತ ಅಳಿಯನಿಗೆ ಹೇಳಿದ್ದೇನೆ.